ಹೈಡ್ರಾಲಿಕ್ ಆಯಿಲ್ ಸೋಸುವ ಟ್ರಾಲಿ: ಮೂರು ಮಳೆಗಾಲ ಬಳಸಿದ ಮೇಲೆ

ನನ್ನ ಹತ್ತಿರ ಇರುವುದು ಒಂದೇ ಗಾಡಿ. 2014ರದ್ದು, ಸೆಕೆಂಡ್ ಹ್ಯಾಂಡ್. ಯಾವ ಕಂಪನಿಯದಾದರೂ ನಮ್ಮ ಕಡೆ ಅದಕ್ಕೆ ಜೆಸಿಬಿ ಅಂತಲೇ ಹೆಸರು. ಸಾಗರದ ಸುತ್ತಮುತ್ತ ಅಡಿಕೆ ತೋಟದ ಬಸಿಗಾಲುವೆ, ಕೆರೆ ಹೂಳು, ಮನೆ ಪಾಯ, ಇಂಗುಗುಂಡಿ ಇಷ್ಟೇ ನಮ್ಮ ಕೆಲಸ. ಗಂಟೆಗೆ 1,200 ರೂಪಾಯಿ ಬಾಡಿಗೆ. ಗಾಡಿ ನಿಂತರೆ ಮನೆಯ ಲೆಕ್ಕವೂ ನಿಲ್ಲುತ್ತದೆ. ಹೀಗಾಗಿ 38,000 ರೂಪಾಯಿ ಕೊಟ್ಟು ಒಂದು ಫಿಲ್ಟರ್ ಟ್ರಾಲಿ (ಗಾಡಿಯ ತೋಳು, ಬಕೆಟ್ ಆಡಿಸುವ ಹೈಡ್ರಾಲಿಕ್ ಆಯಿಲನ್ನು ಸೋಸುವ ಸಾಮಾನು) ತಂದದ್ದು ನನಗೆ ಸಣ್ಣ ನಿರ್ಧಾರವಾಗಿರಲಿಲ್ಲ. ಎರಡು ಚಕ್ರ, ಸಿಂಗಲ್ ಫೇಸ್ ಮೋಟರ್, ಗೇರ್ ಪಂಪ್, ಎರಡು ಫಿಲ್ಟರ್, ಎರಡು ಹೋಸ್. ಇದರ ಮೇಲೆ ಮೊದಲ ತಿಂಗಳು ನನಗೆ ತುಂಬ ಸಿಟ್ಟಿತ್ತು. ಅದನ್ನೇ ಮೊದಲು ಹೇಳುತ್ತೇನೆ.

2023ರ ಜುಲೈ ಕೊನೆ. ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಆಪರೇಟರ್ ಹುಡುಗ ಫೋನ್ ಮಾಡಿ, ‘ಅಣ್ಣಾ, ಬೂಮ್ ಎತ್ತುವಾಗ ನಡುಗ್ತಾ ಇದೆ, ಪಂಪ್ ಕೂಗ್ತಾ ಇದೆ’ ಅಂದ. (ಬೂಮ್ ಅಂದರೆ ಗಾಡಿಯ ಹಿಂದಿನ ದೊಡ್ಡ ತೋಳು.) ಹೋಗಿ ನೋಡಿದರೆ ಟ್ಯಾಂಕಿನ ಸೈಟ್ ಗ್ಲಾಸಿನಲ್ಲಿ (ಆಯಿಲ್ ನೋಡುವ ಗಾಜಿನ ಕಿಂಡಿ) ಆಯಿಲ್ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಮನೆಯಲ್ಲಿ ಹಳೆಯ ಒಗ್ಗರಣೆ ಸೌಟು ಕಾಯಿಸಿ ಒಂದು ಹನಿ ಬಿಟ್ಟೆ. ಸಾಸಿವೆ ಸಿಡಿದ ಹಾಗೆ ಚಟಪಟ ಅಂತು. ಒಳ್ಳೆಯ ಆಯಿಲ್ ಆದರೆ ಸದ್ದಿಲ್ಲದೆ ಹೊಗೆಯಾಡುತ್ತದೆ ಅಷ್ಟೆ. (ಈ ಪರೀಕ್ಷೆಗೆ ಒಂದೇ ಹನಿ ಸಾಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.)

ನೀರು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ತಪ್ಪು ನನ್ನ ಶೆಡ್ಡಿನಲ್ಲೇ ಇತ್ತು. ಟಾಪ್ ಅಪ್‌ಗೆ ಇಟ್ಟ 210 ಲೀಟರಿನ ಬ್ಯಾರೆಲ್ ಶೆಡ್ಡಿನ ಇಳಿಜಾರಿನ ಕೆಳಗೆ ನೆಟ್ಟಗೆ ನಿಂತಿತ್ತು. ಬ್ಯಾರೆಲ್‌ನ ತಲೆಯ ಮೇಲೆ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ. ಆ ಸೆಳೆತಕ್ಕೆ ಬಿಗಿಯಾಗಿ ಮುಚ್ಚಿದ ಮುಚ್ಚಳದ ಮರೆಯಿಂದಲೂ ನೀರು ಒಳಗೆ ಇಳಿಯುತ್ತದೆ. ಈಗ ನನ್ನ ಬ್ಯಾರೆಲ್ ಶೆಡ್ಡಿನ ಒಳಗೆ, ಮರದ ತುಂಡುಗಳ ಮೇಲೆ ಅಡ್ಡ ಮಲಗಿದೆ. ಎರಡು ಮುಚ್ಚಳಗಳೂ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವ ಹಾಗೆ ತಿರುಗಿಸಿಟ್ಟಿದ್ದೇನೆ. ಹಾಗಿಟ್ಟರೆ ಮುಚ್ಚಳದ ಒಳಬದಿಗೆ ಆಯಿಲ್ ತಾಗಿಕೊಂಡಿರುತ್ತದೆ, ಗಾಳಿ ಎಳೆಯಲು ದಾರಿ ಇರುವುದಿಲ್ಲ. ಬೂಮ್ ಸಿಲಿಂಡರಿನ ವೈಪರ್ ಸೀಲ್ (ರಾಡ್ ಮೇಲಿನ ಕೊಳೆ ಒರೆಸುವ ಬಳೆ) ಕೂಡ ಹರಿದಿತ್ತು. ಕೆಸರುನೀರಲ್ಲಿ ಮುಳುಗಿ ಎದ್ದ ರಾಡ್ ಒಳಗೆ ಹೋಗುವಾಗ ತನ್ನ ಜೊತೆ ನೀರನ್ನೂ ಮಣ್ಣನ್ನೂ ಒಯ್ಯುತ್ತಿತ್ತು.

ಮೆಕ್ಯಾನಿಕ್ ಬಂದು ಟ್ಯಾಂಕ್ ಖಾಲಿ ಮಾಡಿ ಹೊಸ ಆಯಿಲ್ ತುಂಬಿಸಿದರು. ನಾಲ್ಕೇ ದಿನ, ಮತ್ತೆ ಅದೇ ಚಹಾ. ಇನ್ನೊಮ್ಮೆ ಖಾಲಿ ಮಾಡಿದೆವು. ಬಣ್ಣ ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ. ಇದರ ಲೆಕ್ಕ ಕೂತು ಮಾಡಿದ್ದು ಆಮೇಲೆ. ನನ್ನ ಗಾಡಿಯಲ್ಲಿ ಟ್ಯಾಂಕಿನಿಂದ ಇಳಿದದ್ದು 40 ಲೀಟರ್ ಆಸುಪಾಸು. ಸಿಲಿಂಡರ್, ಹೋಸ್, ವಾಲ್ವ್ ಬ್ಲಾಕ್ ಎಲ್ಲ ಸೇರಿ ಒಟ್ಟು 120ರ ಹತ್ತಿರ. ಅಂದರೆ ಪ್ರತಿಸಲ ಮೂರರಲ್ಲಿ ಒಂದು ಪಾಲು ಮಾತ್ರ ಬದಲಾಗುತ್ತದೆ. ಹಾಗೆ ಮೂರು ಸಲ ಮಾಡಿದರೂ ಹಳೆಯದು ನೂರಕ್ಕೆ 30 ಪಾಲು ಉಳಿದೇ ಇರುತ್ತದೆ. ‘ಆಯಿಲ್ ಚೇಂಜ್ ಮಾಡಿಸಿದೆ’ ಅಂತ ನಾವು ಹೇಳುವುದು ನಿಜದಲ್ಲಿ ಟ್ಯಾಂಕ್ ಚೇಂಜ್ ಮಾತ್ರ.

ಟ್ರಾಲಿ ಬಂದದ್ದು ಈ ಹೊತ್ತಿಗೆ. ಅಂಗಡಿಯವರು, ‘ಸಾರ್, ಆಯಿಲ್ ಬಿಸಾಕಬೇಡಿ, ಇದಕ್ಕೆ ಹಾಕಿ ತಿರುಗಿಸಿ, ಕಸ ನೀರು ಎಲ್ಲ ಹಿಡಿಯುತ್ತೆ’ ಅಂದರು. ಒಂದು ಬ್ಯಾರೆಲ್‌ಗೆ 36,000 ಕೊಟ್ಟು ಕೂತಿದ್ದವನಿಗೆ ಆ ಮಾತು ಎಷ್ಟು ಹಿತವಾಗಿರಬಹುದು, ನೀವೇ ಯೋಚಿಸಿ. ಎರಡು ಭಾನುವಾರ, ದಿನಕ್ಕೆ ಆರಾರು ಗಂಟೆ ಓಡಿಸಿದೆ. ಆಯಿಲ್ ಚಹಾವಾಗಿಯೇ ಉಳಿಯಿತು. ಫೋನ್ ಮಾಡಿದರೆ, ನೀರಿಗೆ ಬೇರೆ ಫಿಲ್ಟರ್ ಬರುತ್ತದೆ, ಅದಕ್ಕೆ 4,500 ಅನ್ನುವ ಉತ್ತರ. ಜೊತೆಗೆ ಕೊಟ್ಟ ಎರಡೂ ಫಿಲ್ಟರ್ ಕಸ ಹಿಡಿಯುವಂಥವು ಮಾತ್ರ, ನೀರು ಅವುಗಳ ಮೂಲಕ ಆರಾಮಾಗಿ ದಾಟಿಹೋಗುತ್ತದೆ. ನೀರು ಹೀರುವ ಫಿಲ್ಟರ್ ತಂದು ಹಾಕಿದೆ. ಅದು ಹೀರಿ ಉಬ್ಬಿ, ಫಿಲ್ಟರ್ ಕಟ್ಟಿದೆ ಅಂತ ತೋರಿಸುವ ಟ್ರಾಲಿಯ ಮೀಟರ್ ಮುಳ್ಳು ಕೆಂಪಿಗೆ ಏರಿ, ಮುಕ್ಕಾಲು ಗಂಟೆಗೆ ಮುಗಿಯಿತು. ನಮ್ಮ ಆಯಿಲ್‌ನಲ್ಲಿ ಇದ್ದ ನೀರು ಅಂಥ ಹಲವು ಫಿಲ್ಟರ್‌ಗಳಿಗೆ ಸಾಲುವಷ್ಟಿತ್ತು. ಮಾರುವ ಮೊದಲು ಈ ಒಂದು ಮಾತು ಹೇಳಿದ್ದರೆ ನನ್ನ ಎರಡು ಭಾನುವಾರ, 4,500 ರೂಪಾಯಿ ಉಳಿಯುತ್ತಿತ್ತು. ಗೊತ್ತಿದ್ದೂ ಹೇಳದೆ ಇರುವುದನ್ನು ನಾನು ವ್ಯಾಪಾರ ಅಂತ ಒಪ್ಪುವುದಿಲ್ಲ.

ಕೊನೆಗೆ ಆಯಿಲ್ ಪೂರ್ತಿ ತೆಗೆಯಲೇಬೇಕಾಯಿತು. ಹಾಲು ಬಣ್ಣಕ್ಕೆ ತಿರುಗಿದ ಆಯಿಲ್‌ನಲ್ಲಿ ಬೆರೆಸಿರುವ ಔಷಧಿಗಳೂ (ಅಡಿಟಿವ್ ಅನ್ನುವ ರಾಸಾಯನಿಕಗಳು) ಕೆಟ್ಟಿರುತ್ತವೆ, ಪಂಪಿನ ಒಳಗೆ ಲೋಹಕ್ಕೆ ಲೋಹ ತಾಗದಂತೆ ತಡೆಯುವ ಪದರವೂ ನಿಲ್ಲುವುದಿಲ್ಲ. ಮೆಕ್ಯಾನಿಕ್ ಎರಡು ದಿನ ಕೂತು ಮಾಡಿದರು. ಆಯಿಲ್ ಬಿಸಿ ಇರುವಾಗಲೇ ಟ್ಯಾಂಕ್ ಖಾಲಿ ಮಾಡಿ, ಒಳಗೆ ಕೈ ಹಾಕಿ ಒರೆಸಿ, ಸಕ್ಷನ್ ಸ್ಟ್ರೇನರ್ (ಪಂಪ್ ಆಯಿಲ್ ಎಳೆಯುವ ಬಾಯಿಯ ಜಾಲರಿ) ತೊಳೆದು, ಬ್ರೀದರ್ (ಟ್ಯಾಂಕಿಗೆ ಗಾಳಿ ಹೋಗಿಬರುವ ಫಿಲ್ಟರ್) ಹೊಸದು ಹಾಕಿ, ಆಮೇಲೆ ಒಂದೊಂದೇ ಸಿಲಿಂಡರಿನ ಹೋಸ್ ಬಿಚ್ಚಿ ಹೊಸ ಆಯಿಲ್‌ನಿಂದ ಹಳೆಯದನ್ನು ಡ್ರಮ್ಮಿಗೆ ತಳ್ಳಿದರು. ಒರೆಸಲು ಬನಿಯನ್ ವೇಸ್ಟ್ ಬಳಸಲು ಬಿಡಲಿಲ್ಲ. ಅದರ ನೂಲೇ ಸ್ಟ್ರೇನರ್‌ಗೆ ಸುತ್ತಿಕೊಳ್ಳುತ್ತದಂತೆ. ಹೋಸ್ ಬಿಚ್ಚುವ ಮೊದಲು ಬೂಮ್ ನೆಲಕ್ಕಿಟ್ಟು, ಇಂಜಿನ್ ನಿಲ್ಲಿಸಿ, ಲಿವರ್‌ಗಳನ್ನು ಎಲ್ಲ ಕಡೆಗೂ ಆಡಿಸಿ ಪ್ರೆಶರ್ ಬಿಡಿಸಿದರು. ಸೋರುವ ಜಾಗ ಹುಡುಕಲು ಬರಿಗೈ ಇಡಬೇಡಿ. ಸೂಜಿಯಷ್ಟು ರಂಧ್ರದಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈಯೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ಟ್ರಾಲಿ ಮೂಲೆಗೆ ಹೋಯಿತು. ಮಾರಿಬಿಡೋಣ ಅಂತಲೇ ಇದ್ದೆ.

ಅಲ್ಲಿಂದ ಅದನ್ನು ಹೊರಗೆ ತಂದದ್ದು ಒಂದು ಲ್ಯಾಬ್ ರಿಪೋರ್ಟು. ಸೀಲ್ ಒಡೆದ ಹೊಸ ಬ್ಯಾರೆಲ್‌ನ ಆಯಿಲ್ ಹೇಗಿದೆ ಅಂತ ಪರೀಕ್ಷೆಗೆ ಕಳಿಸಿದ್ದೆ. ನೀರು ಸೇರಿದೆಯೋ ನೋಡುವುದಷ್ಟೇ ನನ್ನ ಉದ್ದೇಶ. ನೀರಿರಲಿಲ್ಲ. ಆದರೆ ಕಸದ ಲೆಕ್ಕ 21/19/16 ಅಂತ ಬಂತು. ಐಎಸ್‌ಒ 4406 ಅನ್ನುವ ಅಳತೆ ಇದು. ಒಂದು ಮಿಲಿಲೀಟರ್ ಆಯಿಲ್‌ನಲ್ಲಿ 4, 6 ಮತ್ತು 14 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದೊಡ್ಡ ಕಣಗಳು ಎಷ್ಟಿವೆ ಅನ್ನುವುದಕ್ಕೆ ಮೂರು ಅಂಕಿ. ಒಂದು ಅಂಕಿ ಏರಿದರೆ ಕಣ ಎರಡು ಪಟ್ಟು. 21 ಅಂದರೆ ಮಿಲಿಲೀಟರಿಗೆ 10,000ದಿಂದ 20,000 ಕಣ. ಬರಿಗಣ್ಣಿಗೆ ಕಾಣುವುದು 40 ಮೈಕ್ರಾನಿನಿಂದ ಮೇಲೆ, ಹಾಗಾಗಿ ಜೇನಿನ ಹಾಗೆ ಹೊಳೆಯುವ ಆ ಹೊಸ ಆಯಿಲ್‌ನಲ್ಲಿ ಇಷ್ಟು ಕಸ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹೊಸದು ಅಂದರೆ ಶುದ್ಧ ಅಂತ ನಂಬಿಕೊಂಡೇ ನಾನು ಹನ್ನೊಂದು ವರ್ಷ ಈ ವೃತ್ತಿಯಲ್ಲಿದ್ದೆ!

ಅದೇ ಬ್ಯಾರೆಲ್ಲಿಗೆ ಟ್ರಾಲಿ ಹಚ್ಚಿ ಒಂದು ಮಧ್ಯಾಹ್ನ ಸುತ್ತಿಸಿ ಮತ್ತೆ ಕಳಿಸಿದೆ. 17/15/12. ನಾಲ್ಕು ಮೆಟ್ಟಿಲು ಕೆಳಗೆ, ಅಂದರೆ ಹದಿನಾರರಲ್ಲಿ ಒಂದು ಪಾಲು. ಆ ಕಾಗದ ಈಗಲೂ ಶೆಡ್ಡಿನ ಗೋಡೆಯಲ್ಲಿದೆ. ಈ ಟ್ರಾಲಿ ಕೆಟ್ಟ ಆಯಿಲ್ ರಿಪೇರಿ ಮಾಡುವ ಸಾಮಾನಲ್ಲ, ಒಳ್ಳೆಯ ಆಯಿಲ್ ಕೆಡದಂತೆ ನೋಡಿಕೊಳ್ಳುವ ಸಾಮಾನು ಅಂತ ನನಗೆ ತಿಳಿದದ್ದು ಆ ದಿನ. ಬೇಡದ ಕೆಲಸಕ್ಕೆ ಬಳಸಿ ಬೈದಿದ್ದೆ.

ಈಗ ತಿಂಗಳಿಗೊಂದು ಭಾನುವಾರ ಇದಕ್ಕೇ ಮೀಸಲು. ಶನಿವಾರ ಸಂಜೆ ಗಾಡಿ ಮನೆಗೆ ಬಂದ ಮೇಲೆ ಟ್ಯಾಂಕಿನ ಮುಚ್ಚಳದ ಸುತ್ತ ಜಂಬಿಟ್ಟಿಗೆ ಧೂಳನ್ನು ಮೊದಲು ಬ್ರಶ್ಶಿನಿಂದ, ಆಮೇಲೆ ಒದ್ದೆ ಬಟ್ಟೆಯಿಂದ ತೆಗೆಯುತ್ತೇನೆ. ನೀರು ಹೊಡೆಯುವುದಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ, ಇಂಜಿನ್ ಹಚ್ಚುವ ಮೊದಲೇ, ಟ್ಯಾಂಕಿನ ಡ್ರೇನ್ ಪ್ಲಗ್ಗನ್ನು ಕಾಲು ಸುತ್ತು ಸಡಿಲಿಸಿ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ನಾಲ್ಕು ಬೆರಳು ಆಯಿಲ್ ಹಿಡಿಯುತ್ತೇನೆ. ರಾತ್ರಿಯಿಡೀ ನಿಂತಿರುವುದರಿಂದ ನೀರಿದ್ದರೆ ತಳಕ್ಕೆ ಇಳಿದಿರುತ್ತದೆ, ಮೊದಲು ಅದೇ ಬರುತ್ತದೆ. ಬಾಟಲಿಯನ್ನು ತುಳಸಿಕಟ್ಟೆಯ ಮೇಲಿಟ್ಟು, ಬಿಸಿಲು ಹಿಂದಿನಿಂದ ಬರುವ ಹಾಗೆ ನೋಡುವುದು. ಆಚೆ ಬದಿಯ ಬರಹ ಓದಲು ಬಂದರೆ ಆಯಿಲ್ ಸರಿ ಇದೆ. ನನ್ನ ಮಗಳು ಈಗ ನನಗಿಂತ ಮೊದಲು ಹೋಗಿ ನೋಡುತ್ತಾಳೆ, ‘ಅಪ್ಪಾ, ಇವತ್ತು ಚೊಕ್ಕ ಇದೆ’ ಅನ್ನುತ್ತಾಳೆ.

ಆಮೇಲೆ ಗಾಡಿ ಹಚ್ಚಿ ಆಯಿಲ್ ಬಿಸಿ ಮಾಡಿ, ಸಿಲಿಂಡರ್‌ಗಳನ್ನೆಲ್ಲ ಒಳಗೆಳೆದು ನಿಲ್ಲಿಸಿ ಟ್ರಾಲಿ ಹಚ್ಚುತ್ತೇನೆ. ಎಳೆಯುವ ಹೋಸ್ ತಳಕ್ಕೆ, ಬಿಡುವ ಹೋಸ್ ಇನ್ನೊಂದು ತುದಿಗೆ. ಒಂದು ಗಂಟೆಯಾದ ಮೇಲೆ ಟ್ರಾಲಿ ಬಿಡಿಸಿ, ಗಾಡಿ ಹಚ್ಚಿ ಬೂಮ್, ಡಿಪ್ಪರ್ (ಬೂಮಿಗೂ ಬಕೆಟ್ಟಿಗೂ ನಡುವಿನ ತೋಳು), ಬಕೆಟ್, ಮುಂದಿನ ಲೋಡರ್, ಜಾಕ್ ಎಲ್ಲವನ್ನೂ ಹತ್ತು ಹತ್ತು ಸಲ ಆಡಿಸಿ, ಸಿಲಿಂಡರ್ ಒಳಗಿನ ಆಯಿಲ್ ಟ್ಯಾಂಕಿಗೆ ಬಂದ ಮೇಲೆ ಮತ್ತೆ ಒಂದು ಗಂಟೆ. ಮುಗಿದ ಮೇಲೆ ಹೋಸ್ ಬಾಯಿಗೆ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ್ದನ್ನು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುವುದು. ಅದನ್ನು ಮರೆತರೆ ಮುಂದಿನ ಸಲ ಟ್ರಾಲಿಯೇ ಕಸ ಹಾಕುತ್ತದೆ.

ಹಳೆಯ ಫಿಲ್ಟರ್‌ನ ಡಬ್ಬಿಯನ್ನು ಆಕ್ಸಾ ಬ್ಲೇಡಿನಿಂದ ಕೊಯ್ದು, ಒಳಗಿನ ಮಡಿಕೆಗಳನ್ನು ಬಿಡಿಸಿ ಬಿಳಿ ತಟ್ಟೆಯಲ್ಲಿ ಹರಡಿ ನೋಡುತ್ತೇನೆ. ಮೊದಲ ಸಲ ಹಿತ್ತಾಳೆಯ ಹೊಳಪಿನ ಪುಡಿ, ಕರಿ ರಬ್ಬರ್ ತುಣುಕು, ಕೆಂಪು ಮಣ್ಣಿನ ನುಣುಪು ಲೇಪ. ರಬ್ಬರ್ ನೋಡಿಯೇ ಡಿಪ್ಪರ್ ಸಿಲಿಂಡರಿನ ಸೀಲ್ ಕಿಟ್ ಬದಲಿಸಿದ್ದು, ರಾಡ್ ಗೀರು ಬೀಳುವ ಮುಂಚೆ. ಆ ಒಂದು ರಾಡ್ ಉಳಿದದ್ದಕ್ಕೇ ಟ್ರಾಲಿಯ ದುಡ್ಡು ನನಗೆ ವಾಪಸ್ ಬಂತು ಅಂತ ತಿಳಿದುಕೊಂಡಿದ್ದೇನೆ.

ಗಾಡಿಯಲ್ಲಿ ಆದ ಬದಲಾವಣೆ ಆಪರೇಟರ್ ಮೊದಲು ಗಮನಿಸಿದ. ಬೆಳಿಗ್ಗೆ ಪಂಪ್ ಕೂಗುವುದಿಲ್ಲ. ಅಡಿಕೆ ಮರದ ಬುಡದ ಹತ್ತಿರ ಬಕೆಟ್ ಇಳಿಸುವಾಗ ಲಿವರ್ ಜಗ್ಗಿದಷ್ಟೇ ಚಲಿಸುತ್ತದೆ, ಎಗರುವುದಿಲ್ಲ. ತೋಟದ ಕೆಲಸದಲ್ಲಿ ಅದರ ಬೆಲೆ ಏನು ಅಂತ ತೋಟದವರಿಗೆ ಗೊತ್ತು. ಬೇರಿಗೆ ಒಂದು ಏಟು ಬಿದ್ದರೆ ಹಲವು ವರ್ಷ ಸಾಕಿದ ಮರ ಹೋಯಿತು.

ಕೊರತೆಗಳೂ ಇವೆ. ಕರೆಂಟ್ ಬೇಕು, ನಮ್ಮಲ್ಲಿ ಮಳೆಗಾಲದಲ್ಲಿ ವೋಲ್ಟೇಜ್ 170ಕ್ಕೆ ಇಳಿದರೆ ಮೋಟರ್ ಗುಂಯ್‌ಗುಡುತ್ತಾ ನಿಲ್ಲುತ್ತದೆ. ಸೈಟಿಗೆ ಒಯ್ಯುವುದು ಆಗದ ಮಾತು. ತಣ್ಣನೆಯ ಆಯಿಲ್ ದಪ್ಪ ಇರುವುದರಿಂದ ಫಿಲ್ಟರ್ ಕಟ್ಟದಿದ್ದರೂ ಮುಳ್ಳು ಕೆಂಪಿಗೆ ಹೋಗುತ್ತದೆ, ಅದನ್ನು ನಂಬಿ ನಾನು 2,100 ರೂಪಾಯಿಯ ಫಿಲ್ಟರ್ ಒಂದನ್ನು ಸುಮ್ಮನೆ ಬಿಸಾಡಿದೆ. ಬಿಸಿ ಮಾಡಿ ನೋಡಿಯೇ ತೀರ್ಮಾನಿಸಿ. ಚಕ್ರ ಸಣ್ಣದು, ಕೆಸರಲ್ಲಿ ಹೂತುಹೋಗುತ್ತದೆ.

ಇಳಿಸಿದ ಹಳೆಯ ಆಯಿಲ್ ಬಗ್ಗೆ ಒಂದು ಮಾತು. ಸೆಂಟ್ರಿಂಗ್ ಶೀಟಿಗೆ ಬಳಿಯಲು ಕೊಡಿ ಅಂತ ಕೇಳುವವರು ಬೇಕಾದಷ್ಟು ಜನ. ಕೊಡುವುದಿಲ್ಲ. ಮಳೆಗೆ ತೊಳೆದುಹೋದರೆ ಅದು ಸೇರುವುದು ನಮ್ಮದೇ ಹಳ್ಳಕ್ಕೆ, ಬಾವಿಗೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಡ್ರಮ್ ತುಂಬಿದ ಮೇಲೆ ಕೊಡುತ್ತೇನೆ.

ಒಂದೇ ಗಾಡಿ ಇಟ್ಟುಕೊಂಡವರು ಇಬ್ಬರು ಮೂವರು ಸೇರಿ ಇದನ್ನು ಕೊಳ್ಳಿ ಅಂತಲೇ ನನ್ನ ಸಲಹೆ, ತಿಂಗಳಿಗೆ ಒಂದು ದಿನದ ಕೆಲಸಕ್ಕೆ ಒಬ್ಬನೇ 38,000 ಹಾಕುವ ಅಗತ್ಯ ಇಲ್ಲ. ನನ್ನದನ್ನು ಊರಿನ ಇನ್ನಿಬ್ಬರು ಒಯ್ಯುತ್ತಾರೆ. ಒಯ್ಯುವ ಮೊದಲು ಅವರವರ ಗಾಡಿಯ ಆಯಿಲ್ ಬಾಟಲಿಯಲ್ಲಿ ತಂದು ತೋರಿಸಬೇಕು. ಹಾಲು ಬಣ್ಣ ಇದ್ದರೆ ಟ್ರಾಲಿ ಕೊಡುವುದಿಲ್ಲ, ಮೆಕ್ಯಾನಿಕ್ ನಂಬರ್ ಕೊಡುತ್ತೇನೆ.