ನೊಗಾಲೆಸ್ ಗಡಿಯಲ್ಲಿ ಐ-94 ನವೀಕರಣ: 30 ಡಾಲರಿಗೆ ಒಂದು ದಿನಾಂಕ

2025ರ ಡಿಸೆಂಬರ್ ಮೊದಲ ವಾರದಲ್ಲಿ ನಾನು ಮತ್ತು ನನ್ನ ಯಜಮಾನರು ಅರಿಜೋನಾದ ಚಾಂಡ್ಲರ್‌ನಿಂದ ನೊಗಾಲೆಸ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ನಡೆದು ಮೆಕ್ಸಿಕೊದೊಳಗೆ ಕಾಲಿಟ್ಟು, ಎರಡು ಗಂಟೆಯ ನಂತರ ಅದೇ ಗಡಿಯಿಂದ ಮರಳಿ ಬಂದು ಅವರ ಐ-94 ಅನ್ನು, ಅಂದರೆ ಅಮೆರಿಕದೊಳಗೆ ಬಂದದ್ದನ್ನೂ ಎಲ್ಲಿಯವರೆಗೆ ಇರಬಹುದೆಂಬುದನ್ನೂ ನಮೂದಿಸುವ ದಾಖಲೆಯನ್ನು, ಹೊಸದು ಮಾಡಿಸಿಕೊಂಡೆವು. ಇದನ್ನು ಒಂದು ಸೇವೆಯೆಂದು ಕರೆದು ವಿಮರ್ಶೆ ಬರೆಯುವುದನ್ನು ಕಂಡು ಕೆಲವರು ನಗಬಹುದು. ಆದರೆ ಶುಲ್ಕ ಕಟ್ಟಿ, ಸರದಿಯಲ್ಲಿ ನಿಂತು, ಏನನ್ನೋ ಪಡೆದು ಬರುವ ವ್ಯವಹಾರ ಯಾವುದಾದರೂ ಅದನ್ನು ತೂಗಿ ನೋಡುವುದರಲ್ಲಿ ತಪ್ಪಿಲ್ಲ. ನಾವು ಕೊಂಡು ತಂದದ್ದು ಒಂದು ದಿನಾಂಕವನ್ನು ಮಾತ್ರ.

ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಮಂದಿ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲಿನ ದಿನಾಂಕವನ್ನೇ ತಮ್ಮ ವಾಸದ ಗಡುವು ಎಂದು ನಂಬಿರುತ್ತಾರೆ. ವೀಸಾ ಎಂಬುದು ಬಾಗಿಲು ತಟ್ಟುವುದಕ್ಕೆ ಕೊಟ್ಟ ಅನುಮತಿ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಐ-94ರಲ್ಲಿ ನಮೂದಾದ ದಿನಾಂಕ. ನಮ್ಮ ಮನೆಯಲ್ಲಿ ನನ್ನದು ಎಚ್-1ಬಿ ಎಂಬ ಉದ್ಯೋಗ ವೀಸಾ, ಅವರದು ನನ್ನ ಅವಲಂಬಿತರಾಗಿ ಎಚ್-4. ಇಬ್ಬರ ವೀಸಾವೂ 2027ರವರೆಗೆ ಇದೆ. ಆದರೆ ಕಳೆದ ಸಲ ಬೆಂಗಳೂರಿನಿಂದ ಮರಳಿದಾಗ ಅವರ ಪಾಸ್‌ಪೋರ್ಟ್ 2026ರ ಜನವರಿಗೇ ಮುಗಿಯುವುದಿತ್ತು. ಪಾಸ್‌ಪೋರ್ಟ್ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೇ ಐ-94 ಕೂಡ ನಿಂತಿತು. ಬೇಸಿಗೆಯಲ್ಲಿ ಭಾರತೀಯ ದೂತಾವಾಸದ ಮೂಲಕ ಹೊಸ ಪಾಸ್‌ಪೋರ್ಟ್ ಬಂದಿತಾದರೂ ಅದರಿಂದ ಐ-94ರ ದಿನಾಂಕ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಖುಷಿಯಲ್ಲಿ ಈ ಮಾತನ್ನು ಮರೆತು ಕುಳಿತವರ ಕಥೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಗಡುವು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ದೇಶ ಬಿಟ್ಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶ ನಿಷೇಧವಿದೆ.

ದಾರಿ ಎರಡಿದ್ದವು. ವಾಸದ ಅವಧಿ ವಿಸ್ತರಿಸಲು ಕೋರುವ ಐ-539 ಅರ್ಜಿ ಸಲ್ಲಿಸಿ ಮನೆಯಲ್ಲೇ ಕಾಯುವುದು ಒಂದು; ಅದಕ್ಕೆ ಆನ್‌ಲೈನ್‌ನಲ್ಲಿ 420 ಡಾಲರ್, ಕಾಗದದ ಅರ್ಜಿಗೆ 470 ಡಾಲರ್, ಮೇಲೆ ತಿಂಗಳುಗಟ್ಟಲೆ ಕಾಯುವಿಕೆ. ದೇಶದಿಂದ ಹೊರಗೆ ಹೋಗಿ ಮತ್ತೆ ಪ್ರವೇಶ ಪಡೆಯುವುದು ಇನ್ನೊಂದು. ಭೂಗಡಿಯಲ್ಲಿ ಅದಕ್ಕೆ 30 ಡಾಲರ್. 2025ರ ಸೆಪ್ಟೆಂಬರ್ 30ಕ್ಕೆ ಮುಂಚೆ ಇದೇ ಕೆಲಸ 6 ಡಾಲರಿಗೆ ಆಗುತ್ತಿತ್ತು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಆದರೂ 420ರ ಮುಂದೆ ಅದು ದೊಡ್ಡ ಮಾತಲ್ಲ. ನಡುವೆ ಒಬ್ಬ ಸಲಹೆಗಾರರು ನಮಗೆ ಅರ್ಜಿ ತುಂಬಿಕೊಟ್ಟು ‘ಗಡಿ ಪ್ಯಾಕೇಜ್’ ಒದಗಿಸುವುದಾಗಿ 250 ಡಾಲರ್ ಕೇಳಿದರು. ಅವರು ತುಂಬಲಿದ್ದ ಅರ್ಜಿಯನ್ನು ನಾವೇ ಹದಿನೈದು ನಿಮಿಷದಲ್ಲಿ ತುಂಬಿದೆವು.

ಚಾಂಡ್ಲರ್‌ನಿಂದ ನೊಗಾಲೆಸ್ ಸುಮಾರು 165 ಮೈಲಿ. ಟೂಸಾನ್‌ವರೆಗಿನ ಹೆದ್ದಾರಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ ಇಳಿಯುವ ಐ-19 ಹೆದ್ದಾರಿ ಮಾತ್ರ ಬೇರೆಯೇ ಜಾತಿಯದು: ಅಮೆರಿಕ ಮೆಟ್ರಿಕ್ ಪದ್ಧತಿಗೆ ಹೊರಳಲು ಮನಸ್ಸು ಮಾಡಿದ್ದ ಕಾಲದ ನೆನಪಾಗಿ ಅದರ ದೂರದ ಫಲಕಗಳೆಲ್ಲ ಇಂದಿಗೂ ಕಿಲೋಮೀಟರ್‌ನಲ್ಲಿವೆ, ವೇಗದ ಮಿತಿ ಮಾತ್ರ ಮೈಲಿಯಲ್ಲಿದೆ. ಸಹುಆರೀಟಾ ಬಳಿ ರಸ್ತೆಯ ಪಕ್ಕದಲ್ಲಿ ಪೆಕಾನ್ ತೋಟಗಳು ಸಾಲುಸಾಲಾಗಿ ಬರುತ್ತವೆ. ಮರುಭೂಮಿಯಲ್ಲಿ ಅಡಿಕೆ ತೋಟದ ಶಿಸ್ತನ್ನು ಕಂಡಂತಾಗಿ ತೀರ್ಥಹಳ್ಳಿಯ ಕಡೆಯವರಾದ ನಮ್ಮ ಯಜಮಾನರು ಕಾರು ನಿಲ್ಲಿಸು ಎಂದರು, ನಾನು ನಿಲ್ಲಿಸಲಿಲ್ಲ.

ಕಾರನ್ನು ಗಡಿಯಾಚೆಗೆ ಒಯ್ಯಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಅಮೆರಿಕದ ಕಾರು ವಿಮೆ ಸಾಮಾನ್ಯವಾಗಿ ಮೆಕ್ಸಿಕೊದಲ್ಲಿ ನಡೆಯುವುದಿಲ್ಲ, ಅಲ್ಲಿಗೆ ಬೇರೆಯೇ ವಿಮೆ ಬೇಕು. ಜೊತೆಗೆ ಮರಳುವಾಗ ವಾಹನಗಳ ಸಾಲಿನಲ್ಲಿ ಎಷ್ಟು ಹೊತ್ತು ಕೂರಬೇಕೆಂಬುದು ಅಂದಿನ ಅದೃಷ್ಟ. ನಾವು ಗಡಿಯ ಈಚೆ ಕಡೆಯ ಖಾಸಗಿ ಪಾರ್ಕಿಂಗ್‌ನಲ್ಲಿ 8 ಡಾಲರ್ ಕೊಟ್ಟು ಕಾರು ಬಿಟ್ಟು, ಊರಿನ ನಡುವಿನ ಡಿಕಾನ್ಸಿನಿ ಠಾಣೆಯ ಮೂಲಕ ನಡೆದು ಹೋದೆವು. ಊರು ಹೆಸರಿಗೆ ಒಂದೇ: ಈಚೆಗೂ ನೊಗಾಲೆಸ್, ಆಚೆಗೂ ನೊಗಾಲೆಸ್, ನಡುವೆ ತುಕ್ಕು ಬಣ್ಣದ ಉಕ್ಕಿನ ಕಂಬಗಳ ಗೋಡೆ. ಅರಿಜೋನಾದಲ್ಲಾಗಲಿ ಆಚೆಗಿರುವ ಮೆಕ್ಸಿಕೊದ ಸೊನೋರಾ ರಾಜ್ಯದಲ್ಲಾಗಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ಇಲ್ಲವಾದ್ದರಿಂದ ಸಮಯವೂ ಒಂದೇ. ಅಮೆರಿಕದ ವೀಸಾ ಚಾಲ್ತಿಯಲ್ಲಿರುವ ಭಾರತೀಯರಿಗೆ ಮೆಕ್ಸಿಕೊ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಅವರ ಕೌಂಟರಿನಲ್ಲಿ ಐದು ನಿಮಿಷವೂ ಆಗಲಿಲ್ಲ.

ಆಚೆ ಕಡೆ ಹಲ್ಲಿನ ವೈದ್ಯರ ಮತ್ತು ಔಷಧಿ ಅಂಗಡಿಗಳ ಬೀದಿಯೇ ಇದೆ; ಅಲ್ಲಿ ಅಗ್ಗವೆಂದು ಬರುವ ಅಮೆರಿಕದ ಹಿರಿಯರೇ ಅವುಗಳ ಗಿರಾಕಿಗಳು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೇಯಿಸಿ ಅರೆದ ಹುರುಳಿಕಾಳಿನಂಥ ಪದಾರ್ಥವನ್ನು ಅಲ್ಲಿ ಹಂದಿಯ ಕೊಬ್ಬಿನಲ್ಲಿ ಮಾಡುವುದುಂಟು, ‘ಸಿನ್ ಮಾಂತೆಕಾ’ (ಕೊಬ್ಬು ಬೇಡ) ಎಂದು ಹೇಳಿ ಕೇಳಿಕೊಳ್ಳಬೇಕು. ನಾವು ಮೈದಾ ತೊರ್ತಿಯಾ ತಿಂದು, ಕೊಯೋಟಾ ಎಂಬ ಸಿಹಿಯನ್ನು ಕಟ್ಟಿಸಿಕೊಂಡೆವು. ಒಳಗಿನ ಹೂರಣ ಪಿಲೋನ್ಸಿಯೋ, ಅಂದರೆ ನಮ್ಮ ಬೆಲ್ಲವೇ; ಒಲೆಯಲ್ಲಿ ಸುಟ್ಟು ಗರಿಗರಿ ಮಾಡಿದ ಹೋಳಿಗೆ ಎಂದರೆ ಅಜ್ಜಿಯೂ ಒಪ್ಪಿಯಾಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮರಳುವಾಗ ಕಾಲ್ನಡಿಗೆಯ ಸಾಲು ನಲವತ್ತು ನಿಮಿಷ ಹಿಡಿಯಿತು. ಮೊದಲ ಕೌಂಟರಿನ ಅಧಿಕಾರಿ ಪಾಸ್‌ಪೋರ್ಟ್ ನೋಡಿ, ಏನು ತಂದಿದ್ದೀರಿ ಎಂದು ಕೇಳಿ, ಕೊಯೋಟಾದ ಪೊಟ್ಟಣದತ್ತ ಕಣ್ಣು ಹಾಯಿಸಿ, ಮುಂದೆ ಹೋಗಿ ಎಂದು ಕೈಸನ್ನೆ ಮಾಡಿದರು. ಅಲ್ಲೇ ಇರುವುದು ಸೂಕ್ಷ್ಮ. ಭೂಗಡಿಯಲ್ಲಿ ಹಳೆಯ ಐ-94 ಇನ್ನೂ ಜೀವಂತವಾಗಿದ್ದರೆ ಅದರ ಮೇಲೆಯೇ ಒಳಗೆ ಬಿಡುವುದು ವಾಡಿಕೆ. ಬಾಯಿಬಿಟ್ಟು ಕೇಳದವರು 330 ಮೈಲಿ ಓಡಾಡಿ ಅದೇ ಹಳೆಯ ದಿನಾಂಕದೊಂದಿಗೆ ಮನೆ ಸೇರುತ್ತಾರೆ. ಪಾಸ್‌ಪೋರ್ಟ್ ಹೊಸದಾಗಿದೆ, ಅದಕ್ಕೆ ತಕ್ಕಂತೆ ಹೊಸ ಐ-94 ಬೇಕು ಎಂದು ನಾನು ಒಂದೇ ವಾಕ್ಯದಲ್ಲಿ ಹೇಳಿದೆ. ಅವರು ಪಕ್ಕದ ಕೊಠಡಿಯತ್ತ ಕೈ ತೋರಿಸಿದರು. ಅಲ್ಲಿ ಬೆರಳಚ್ಚು, ಫೋಟೊ, ನನ್ನ ಉದ್ಯೋಗದ ಬಗ್ಗೆ ಎರಡು ಪ್ರಶ್ನೆ; ವೀಸಾ ಇರುವ ಹಳೆಯ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್, ನನ್ನ ಎಚ್-1ಬಿಯ ಅನುಮೋದನಾ ಪತ್ರವಾದ ಐ-797, ಮದುವೆಯ ಪ್ರಮಾಣಪತ್ರ, ಮೂರು ವೇತನ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟದ್ದು ಉಪಯೋಗಕ್ಕೆ ಬಂತು. ಹೊಸ ದಾಖಲೆ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು, ಹಾಗಾಗಿ ಇದನ್ನು ಹಕ್ಕಿನ ಮಾತಾಗಿ ಕೇಳದೆ ಕಾರಣ ವಿವರಿಸಿ ಕೇಳುವುದು ಒಳ್ಳೆಯದು. ನಮ್ಮ ಅಧಿಕಾರಿ ಸಾವಧಾನದ ಮನುಷ್ಯ.

ಪ್ರಯಾಣಕ್ಕೆ ಮುಂಚಿನ ಏಳು ದಿನದೊಳಗೆ ಅರ್ಜಿ ತುಂಬಿ ಹಣ ಕಟ್ಟುವ ಆನ್‌ಲೈನ್ ಸೌಲಭ್ಯವನ್ನು ನಾವು ಬಳಸಿದ್ದೆವು. ಅದು ತಾತ್ಕಾಲಿಕ ಸಂಖ್ಯೆಯಷ್ಟೇ ಕೊಡುತ್ತದೆ, ಏಳು ದಿನದೊಳಗೆ ಗಡಿಗೆ ಹೋಗದಿದ್ದರೆ ಹಣವೂ ಹೋಯಿತು. ಅದರಿಂದ ಸರದಿ ಕಡಿಮೆಯಾಗುವುದಿಲ್ಲ, ಕೊಠಡಿಯಲ್ಲಿ ಟೈಪ್ ಮಾಡುವ ಹೊತ್ತು ಮಾತ್ರ ಉಳಿಯುತ್ತದೆ. ನಮಗೆ ಅದೂ ಉಳಿಯಲಿಲ್ಲ: ವೀಸಾ ಇರುವುದು ಹಳೆಯ ಪಾಸ್‌ಪೋರ್ಟಿನಲ್ಲಲ್ಲವೇ ಎಂದುಕೊಂಡು ನಾನು ಹಳೆಯ ಸಂಖ್ಯೆಯನ್ನೇ ತುಂಬಿದ್ದೆ. ಅಧಿಕಾರಿ ಅದನ್ನು ಗಮನಿಸಿ ತಿದ್ದಿದರು. ಅವರು ಗಮನಿಸದೆ ಹೋಗಿದ್ದರೆ ನನ್ನ ಜಾಣತನಕ್ಕೆ ಇನ್ನೊಂದು ಪ್ರಯಾಣದ ದಂಡ ಬೀಳುತ್ತಿತ್ತು.

ಈ ದಾರಿ ಎಲ್ಲರಿಗೂ ಒಗ್ಗುವುದಿಲ್ಲ. ವೀಸಾದ ಅವಧಿ ಮುಗಿದು ಕೈಯಲ್ಲಿ ಐ-797 ಮಾತ್ರ ಇರುವವರು ಮೂವತ್ತು ದಿನದೊಳಗಿನ ಮೆಕ್ಸಿಕೊ ಅಥವಾ ಕೆನಡಾ ಪ್ರವಾಸದಿಂದ ಹಳೆಯ ಐ-94 ತೋರಿಸಿ ಮರಳಬಹುದಾದ ಒಂದು ನಿಯಮವಿದೆ. ಅದು ಮರಳುವುದಕ್ಕಷ್ಟೇ, ಹೊಸ ದಿನಾಂಕಕ್ಕಲ್ಲ. ಅಂಥವರು ಮೊದಲು ಮೆಕ್ಸಿಕೊದ ವೀಸಾವನ್ನೂ ವಿಚಾರಿಸಿಕೊಳ್ಳಬೇಕು. ಐ-94 ಈಗಾಗಲೇ ಮುಗಿದುಹೋಗಿದ್ದರೆ ಗಡಿಯ ಕಡೆ ತಲೆ ಹಾಕದೆ ವಕೀಲರ ಬಳಿಗೆ ಹೋಗಬೇಕು. ಮೆಕ್ಸಿಕೊದಲ್ಲಿರುವ ಅಮೆರಿಕದ ದೂತಾವಾಸದಲ್ಲಿ ವೀಸಾ ಸ್ಟಾಂಪಿಂಗ್, ಅಂದರೆ ಹೊಸ ವೀಸಾ, ಮಾಡಿಸಿ ಬರುತ್ತಿದ್ದ ಹಳೆಯ ರೂಢಿಯನ್ನು ಇದರೊಂದಿಗೆ ಬೆರೆಸಬಾರದು. 2025ರ ಸೆಪ್ಟೆಂಬರ್‌ನಿಂದ ಸ್ವದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕೆಂದು ಅಮೆರಿಕ ಹೇಳಿದೆ. ಇವರನ್ನು ಬಿಟ್ಟು, ವೀಸಾ ಚಾಲ್ತಿಯಲ್ಲಿದ್ದು ಪಾಸ್‌ಪೋರ್ಟಿನಿಂದಾಗಿ ಮಾತ್ರ ದಿನಾಂಕ ಮೊಟಕಾಗಿರುವವರಿಗೆ ನಾನು ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಗಡುವು ಹತ್ತಿರ ಬಂತೆಂದು ಯಾರೂ ನಮಗೆ ಒಂದು ಸಾಲಿನ ಸಂದೇಶವನ್ನೂ ಕಳಿಸುವುದಿಲ್ಲವಲ್ಲ, ಕಳೆದ ಒಂದು ಅಂಕ ಅದಕ್ಕೆ.

ಕಾಗದದ ಐ-94 ಈಗ ಕೊಡುವುದಿಲ್ಲವಾದ್ದರಿಂದ, ಕಾರಿನಲ್ಲಿ ಕುಳಿತು ಕೀಲಿ ತಿರುಗಿಸುವ ಮುಂಚೆಯೇ ಫೋನಿನಲ್ಲಿ ಐ-94ರ ಜಾಲತಾಣ ತೆರೆದು ಹೆಸರು, ವರ್ಗ, ದಿನಾಂಕ ಮೂರನ್ನೂ ಓದಿಕೊಂಡೆವು: 2027, ಸರಿಯಾಗಿತ್ತು. ಪ್ರತಿಯನ್ನು ಉಳಿಸಿಕೊಂಡದ್ದು ಅರ್ಧ ಗಂಟೆಯಲ್ಲೇ ಕೆಲಸಕ್ಕೆ ಬಂತು. ಟ್ಯೂಬಾಕ್ ಬಳಿ ಉತ್ತರಕ್ಕೆ ಹೋಗುವ ವಾಹನಗಳನ್ನು ಗಡಿ ಕಾವಲು ಪಡೆಯವರು ನಿಲ್ಲಿಸಿ ವಿಚಾರಿಸುತ್ತಾರೆ. ಆ ಸಂಜೆ ನನ್ನ ಪಾಸ್‌ಪೋರ್ಟನ್ನೂ ತೆಗೆದು ನೋಡಿದೆ. ಅದು ನನ್ನ ಐ-94ಗಿಂತ ನಾಲ್ಕು ತಿಂಗಳು ಮಾತ್ರ ಮುಂದಿದೆ.