ಧ್ರುವದ ಮಂಜುಗಡ್ಡೆಯ ಬಿರುಕು ನೋಡಲು ಕೋಪರ್ನಿಕಸ್ ಬ್ರೌಸರ್

ವಾಸ್ಕೋದ ನಮ್ಮ ಕನ್ನಡದವರಿಗೆ ಸಡಾ ಗುಡ್ಡದ ಮೇಲಿನ ಧ್ರುವ ಸಂಶೋಧನಾ ಕೇಂದ್ರ ಗೊತ್ತಿರುತ್ತದೆ, ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ನಿಲ್ದಾಣಗಳನ್ನು ನೋಡಿಕೊಳ್ಳುವುದು ಅವರೇ. ಆ ಕಡೆ ಸಮುದ್ರದ ಮೇಲಿನ ಮಂಜುಗಡ್ಡೆ ಹೇಗೆ ಬಿರಿಯುತ್ತದೆ ಅಂತ ಮನೆಯಲ್ಲೇ ಕೂತು ನೋಡಬೇಕಾ? ಉಪಗ್ರಹ ಚಿತ್ರ ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ತೆರೆಯಿರಿ. ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹಗಳ ಚಿತ್ರಗಳು ಅಲ್ಲಿವೆ. ಒಂದು ಪೈಸೆ ಖರ್ಚಿಲ್ಲ. ನನ್ನ ಪ್ರಕಾರ ಐದಕ್ಕೆ ನಾಲ್ಕೂವರೆ ಅಂಕ.

ಮೊದಲು ಗೋವಾದ ಮೇಲೇ ಪರೀಕ್ಷೆ ಮಾಡಿ. ಬಿಸಿಲ ಬೆಳಕಲ್ಲಿ ಫೋಟೊ ತೆಗೆಯುವ ಸೆಂಟಿನೆಲ್-2 ಉಪಗ್ರಹದ ಜುಲೈ ತಿಂಗಳ ಚಿತ್ರ ತೆರೆದರೆ ಹೆಚ್ಚಾಗಿ ಬರೀ ಮೋಡ. ರೇಡಾರ್‌ಗೆ ಬದಲಾಯಿಸಿದರೆ ಮುರಗಾಂವ್ ಬಂದರಿನ ಹೊರಗೆ ನಿಂತ ಹಡಗುಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಈ ರೇಡಾರ್ ಸುಮಾರು 5.5 ಸೆಂ.ಮೀ. ಉದ್ದದ ರೇಡಿಯೋ ಅಲೆಯನ್ನು ತಾನೇ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ, ಹಾಗಾಗಿ ಮೋಡ ಇರಲಿ ಕತ್ತಲೆ ಇರಲಿ ಕೆಲಸ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಸೂರ್ಯ ಮೇಲೇಳದ ಧ್ರುವದ ಚಳಿಗಾಲಕ್ಕೆ ಬೇಕಾದದ್ದು ಇದೇ ಅಲ್ವಾ?

ಧ್ರುವಕ್ಕೆ ಹೋದ ಮೇಲೆ ಇಡಬ್ಲ್ಯೂ ಮೋಡ್ (ರೇಡಾರ್ ತುಂಬಾ ಅಗಲಕ್ಕೆ ನೋಡುವ ವಿಧಾನ) ಆರಿಸಿ. 400 ಕಿ.ಮೀ. ಅಗಲದ ಪಟ್ಟಿ ಒಂದೇ ಸಲ ಸಿಗುತ್ತದೆ. ಉದ್ದುದ್ದ ಬಿರುಕುಗಳು ಒಂದನ್ನೊಂದು ಕತ್ತರಿಸಿ ಹೋಗುವುದು ಎಷ್ಟು ನೋಡಿದರೂ ಸಾಲದು.

ಅರ್ಧ ಅಂಕ ಕಡಿಮೆ ಕೊಟ್ಟದ್ದು ಯಾಕೆ ಅಂದರೆ, ಯಾವುದು ನೀರು, ಯಾವುದು ಮಂಜುಗಡ್ಡೆ ಅಂತ ಇದು ಹೇಳುವುದಿಲ್ಲ, ನೀವೇ ಓದಬೇಕು. ಗಾಳಿ ಇಲ್ಲದಾಗ ಬಿರುಕಿನ ನೀರು ನುಣುಪಾಗಿರುತ್ತದೆ, ರೇಡಾರ್ ಅಲೆ ವಾಪಸ್ ಬರದೆ ಆಚೆ ಜಾರಿಹೋಗುತ್ತದೆ, ಬಿರುಕು ಕಪ್ಪಗೆ ಕಾಣುತ್ತದೆ. ಜೋರು ಗಾಳಿ ಬೀಸಿದರೆ ಅದೇ ನೀರು ಬೆಳ್ಳಗೆ. ಚಳಿಗೆ ಬೇಗನೆ ತೆಳ್ಳನೆ ಪದರ ಕಟ್ಟುತ್ತದೆ, ಅದೂ ಕಪ್ಪು. ಆಮೇಲೆ ಅದರ ಮೇಲೆ ಉಪ್ಪುಪ್ಪಾದ ಹಿಮದ ಹರಳು ಅರಳಿದರೆ ಮತ್ತೆ ಬಿಳಿ! ಅದಕ್ಕೇ ಒಂದೇ ಚಿತ್ರ ನಂಬಬೇಡಿ. ಎಚ್‌ಎಚ್ (ಅಡ್ಡಕ್ಕೆ ಕಂಪಿಸುವ ಅಲೆ ಕಳಿಸಿ ಅಡ್ಡದ್ದನ್ನೇ ಅಳೆದದ್ದು) ಜೊತೆ ಎಚ್‌ವಿ (ಅಡ್ಡದ್ದು ಕಳಿಸಿ ಲಂಬದ್ದನ್ನು ಅಳೆದದ್ದು) ಚಿತ್ರವನ್ನೂ ನೋಡಿ, ಅದರಲ್ಲಿ ಗಾಳಿಯ ಕಾಟ ಕಡಿಮೆ. ಬೇರೆ ಬೇರೆ ದಿನಾಂಕದ ಚಿತ್ರಗಳನ್ನು ಹೋಲಿಸಿ.

ತುಂಬಾ ಸಣ್ಣ ಬಿರುಕು ಇದರಲ್ಲಿ ಸಿಗುವುದಿಲ್ಲ, ಈ ಮೋಡ್‌ನ ಒಂದು ಚುಕ್ಕೆ ಅಂದರೆ 40 ಮೀಟರ್. ಈ ರೇಡಾರ್ ಉಪಗ್ರಹಗಳಲ್ಲಿ ಒಂದಾದ ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟಿತು, 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಆ ನಡುವಿನ ಅವಧಿಯ ಚಿತ್ರಗಳು ಕಡಿಮೆ.

ಸುಮ್ನೆ ನೋಡಲು ಖಾತೆ ಬೇಡ. ಡೌನ್‌ಲೋಡ್‌ಗೆ ಉಚಿತ ಖಾತೆ ಬೇಕು, ಆ ಫೈಲ್ ತೆರೆಯಲು ಸ್ನ್ಯಾಪ್ ಎಂಬ ಉಚಿತ ತಂತ್ರಾಂಶ ಇದೆ, ಅದಕ್ಕೆ ಒಳ್ಳೆಯ ಕಂಪ್ಯೂಟರ್ ಇದ್ದರೆ ಮಾತ್ರ ಕೈಹಾಕಿ.