20 ಅಡಿ ದೋಣಿ, ಇಬ್ಬರ ಸಂಸಾರ: ಮೂರು ವರ್ಷ ಬಳಸಿದ ಮೇಲೆ

ನಮ್ಮದು ವಿರಾಜಪೇಟೆ ಕಡೆಯ ಕಾಫಿ ತೋಟ. ಗುಡ್ಡದ ಮೇಲಿರುವವರಿಗೆ ದೋಣಿ ಯಾಕೆ ಅಂತ ಕೇಳದ ನೆಂಟರಿಲ್ಲ. ಇದು ಟ್ರೇಲರ್ ಮೇಲೆ ಎಳೆದೊಯ್ಯುವ ದೋಣಿ, ಸೆಕೆಂಡ್ ಹ್ಯಾಂಡ್. ತುಲಾ ಸಂಕ್ರಮಣ ಮುಗಿಸಿ ಮಾಕುಟ್ಟ ಘಾಟಿ ಇಳಿಯುತ್ತೇವೆ. ಕೇರಳದ ಇರಿಟ್ಟಿ ದಾಟಿ ಪಯ್ಯನ್ನೂರಿನ ಕವ್ವಾಯಿ ಹಿನ್ನೀರು ಸೇರಿದರೆ ಎರಡು ಮೂರು ವಾರ ಅದರಲ್ಲೇ ವಾಸ. ಅರೇಬಿಕಾ ಕುಯ್ಲಿನ ಹೊತ್ತಿಗೆ ವಾಪಸ್.

ದೋಣಿ ವಾಲದಂತೆ ತಳದಿಂದ ನೀರಿಗೆ ಇಳಿಬಿಡುವ ಕೀಲ್ ಹಲಗೆಯನ್ನು ಮೇಲೆತ್ತಿದರೆ ಒಂದಡಿ ನೀರು ಸಾಕು. ಹಿನ್ನೀರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಎತ್ತಿದ ಹಲಗೆ ಕೂರುವ ಪೆಟ್ಟಿಗೆ ಕ್ಯಾಬಿನ್ ನಡುವೆಯೇ ಇದೆ. ಮೊದಲ ವರ್ಷ ಇಬ್ಬರ ಮೊಣಕಾಲೂ ನೀಲಿ.

ಕ್ಯಾಬಿನ್‌ನಲ್ಲಿ ಕೂತರೆ ಆರಾಮ, ನಿಂತರೆ ತಲೆಗೆ ಪೆಟ್ಟು. ಹಾಸಿಗೆ ಮುಂದಿನ ಚೂಪು ಮೂಲೆಯಲ್ಲಿದೆ, ಅಲ್ಲಿ ನಾಲ್ಕು ಕಾಲು ಜಗಳ ಆಡುತ್ತವೆ. ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಹೊರಗಿರಬೇಕು, ಅದು ನಮ್ಮ ಕಾನೂನು. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರೆ ಕಾನೂನೂ ಇಲ್ಲ, ಜಾಗವೂ ಇಲ್ಲ. ಫ್ರಿಜ್ ಇಲ್ಲ. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿದ ಪಂದಿಕರಿಯನ್ನು, ಅಂದರೆ ಹಂದಿ ಮಾಂಸದ ಸಾರನ್ನು, ಹೊತ್ತು ಹೊತ್ತಿಗೆ ಕುದಿಸಿದರೆ ಎರಡು ದಿನ ಬರುತ್ತದೆ. ಅದರ ವಾಸನೆ ಮಾತ್ರ ಕುಶನ್‌ನಲ್ಲಿ ವಾರವಿಡೀ ಇರುತ್ತದೆ. ಇವರಿಗೆ ಅದು ದೂರೇ ಅಲ್ಲ!

ಟಾಯ್ಲೆಟ್ ಅಂದರೆ ಹಾಸಿಗೆ ಪಕ್ಕ ಒಂದು ಡಬ್ಬ, ಒಂದು ಪರದೆ. ಇಬ್ಬರಿಗೆ ಮೂರು ದಿನಕ್ಕೊಮ್ಮೆ ಖಾಲಿ ಮಾಡಬೇಕು. ಮದುವೆಯಾಗಿ 22 ವರ್ಷ ಆದರೂ ನಾಚಿಕೆ ಅನ್ನುವುದು ಇರುತ್ತದೆ ಅಲ್ವಾ? ಹಾಗಾಗಿ ಬೆಳಗ್ಗೆ ಇನ್ನೊಬ್ಬರು ಹೊರಗೆ ಕೂತು ಕೊಕ್ಕರೆ ನೋಡುತ್ತಾರೆ. ಇವರೀಗ ಹಕ್ಕಿಗಳ ಬಗ್ಗೆ ತುಂಬಾ ತಿಳಿದವರು.

ನಿಜವಾದ ತಲೆನೋವು ಟ್ರೇಲರ್. ಮೊದಲ ಸಲ ಘಾಟಿ ಇಳಿದು ಹೋಗಿ, ಸುಮ್ನೆ ಹಾಗೇ ಟ್ರೇಲರ್ ಸಮೇತ ನೀರಿಗೆ ಇಳಿಸಿಬಿಟ್ಟೆವು. ಬಿಸಿಯಾದ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ತಣ್ಣೀರು ಮುಟ್ಟಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸವೆದಿದ್ದರೆ ಉಪ್ಪುನೀರನ್ನೇ ಎಳೆದುಕೊಳ್ಳುತ್ತದೆ. ವಾಪಸ್ ಬರುವಾಗ ಮಾಕುಟ್ಟದ ಏರಿನಲ್ಲಿ ಸುಟ್ಟ ವಾಸನೆ, ಚಕ್ರ ಅಲ್ಲಾಡುತ್ತಿತ್ತು. ಬೇರಿಂಗ್ ಹೋಗಿತ್ತು. ಸುತ್ತಲೂ ಕಾಡು, ಫೋನಿಗೆ ಸಿಗ್ನಲ್ ಇಲ್ಲ, ಕತ್ತಲಾಗುತ್ತಿತ್ತು. ಆನೆ ಓಡಾಡುವ ದಾರಿ ಬೇರೆ. ಆ ರಾತ್ರಿ ದೋಣಿಯಲ್ಲೇ ಮಲಗಿದೆವು, ರಸ್ತೆ ಬದಿಯಲ್ಲಿ. ಈಗ ಹಿನ್ನೀರಿನ ದಡ ಮುಟ್ಟಿದ ಮೇಲೆ ಮೊದಲು ಚಹಾ, ಹಬ್ ಮುಟ್ಟಿ ನೋಡಿ ತಣ್ಣಗಾಗಿದ್ದರೆ ಮಾತ್ರ ನೀರಿಗೆ ಇಳಿಸುವುದು. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ಗ್ರೀಸ್. ಒಂದು ಜೊತೆ ಬೇರಿಂಗ್ ಯಾವಾಗಲೂ ಜೀಪಿನಲ್ಲಿರುತ್ತದೆ.

ನಮ್ಮ ಮಳೆಗಾಲದಲ್ಲಿ ದೋಣಿ ಶೆಡ್‌ನಲ್ಲಿರುತ್ತದೆ. ಮೊದಲ ವರ್ಷ ಕುಶನ್ ಪೂರ್ತಿ ಬೂಷ್ಟು ಹಿಡಿಯಿತು. ಈಗ ಅವು ಜೂನ್‌ನಿಂದ ಒಲೆ ಮೇಲಿನ ಅಟ್ಟದಲ್ಲಿ. ಪಂದಿಕರಿ ಜೊತೆ ಹೊಗೆ ವಾಸನೆಯೂ ಸೇರಿದೆ.

ದೋಣಿಗೆ 5ಕ್ಕೆ 4, ಟ್ರೇಲರ್‌ಗೆ 2. ಇವರು ಈಗ 24 ಅಡಿಯದ್ದು ನೋಡುತ್ತಿದ್ದಾರೆ. ಮಾಕುಟ್ಟದ ತಿರುವು ನೆನೆದು ನಾನು ಬೇಡ ಅಂದಿದ್ದೇನೆ. ಪರದೆ ಮಾತ್ರ ದಪ್ಪದ್ದು ಹಾಕಿಸಬೇಕು.